ಹದಿನಾಲ್ಕು ಬಾಟಲಿ, ಒಂದೇ ಬಣ್ಣ

ಮುಂಡರಗಿ
೧೧-೧೧-೧೯೮೩

ಪ್ರೀತಿಯ ಅವ್ವಾ,

ಇವತ್ತೂ ಸಹಿ ಹಾಕಲಿಲ್ಲ. ನಮ್ಮ ದವಾಖಾನೆಯ ಡಾಕ್ಟರ್ ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದು ಕೈಗೇ ಕೊಟ್ಟರು, ನಾನು ಟೊಪ್ಪಿಗೆ ಹಾಕಿ ಮೇಜಿನ ಮೇಲಿಟ್ಟೆ. ಅದಕ್ಕೆ ಬೈಸಿಕೊಂಡೆ, ಬೆಳಗಿನಿಂದ ಇದು ಮೂರನೆಯ ಬೈಗುಳ. ಊಟವೂ ತಪ್ಪಿತು. ಅದಿರಲಿ, ನೀನು ಹೇಗಿದ್ದೀಯ? ಮುಂಗಾರಿನಲ್ಲಿ ಜಾಲಿಮುಳ್ಳು ನೆಟ್ಟ ಆ ಕಾಲು ಇನ್ನೂ ಮಾಯ್ದಿಲ್ಲವಂತೆ, ಅರಿಶಿನ ಮೆತ್ತುತ್ತಿದ್ದೀಯಂತೆ. ಐದು ತಿಂಗಳಾಯಿತಲ್ಲ! ಪಂಚಮಿಗೆ ಸೊರಟೂರಿಗೆ ಬಂದಾಗ ನಿನ್ನ ಮೂತ್ರ ಕಾಯಿಸಿ ನೋಡಿದ್ದೆ, ಸಕ್ಕರೆ ರೋಗ ಇಲ್ಲವೆಂದು ಖುಷಿಯಾಗಿ ಕೂತು ಉಂಡಿ ತಿನ್ನಿಸಿದ್ದೆ. ಮತ್ತೇಕೆ ಮಾಯುತ್ತಿಲ್ಲ? ವೈನಿ, ನಿನ್ನ ಅತ್ತೆಗೆ ಓದಿ ಹೇಳುವುದನ್ನು ಇಲ್ಲಿ ನಿಲ್ಲಿಸಿ ಅವಳ ಕಾಲು ನೋಡು. ಅವಳ ಬಾಯಿಮಾತು ನಂಬಬೇಡ.

ಜಗಳದ ಮೂಲ ಹೇಳುತ್ತೇನೆ. ಈ ವರ್ಷ ಮೇಲಿನಿಂದ ಹೊಸ ಹುಕುಂ ಬಂತು: ಹಳ್ಳಿ ಹಳ್ಳಿಗೆ ಹೋಗಿ ಸಕ್ಕರೆ ರೋಗ ಎಷ್ಟಿದೆ ನೋಡಿ, ರೋಗವಿದ್ದ ಹಳ್ಳಿಗಷ್ಟೇ ಗುಳಿಗೆ. ಮೊದಲ ಸುತ್ತಿಗೆ ನಲವತ್ತು ದಾಟಿದ ಹೆಂಗಸರು. ಹಳ್ಳಿಯ ಹೆಸರು ಬರೆಯುವುದಿಲ್ಲ, ಹೆಣ್ಣುಮಕ್ಕಳ ಮರ್ಯಾದೆಯ ಮಾತು. ನಾನು ಹದಿನಾಲ್ಕು ಮನೆಗೆ ಹದಿನಾಲ್ಕು ಬಾಟಲಿ ಹಂಚಿದೆ. ಮರುದಿನ ಎಲ್ಲವೂ ತುಂಬಿ ಗುಡಿಯ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ಒಂದೊಂದನ್ನೂ ನೀಲಿ ಔಷಧಿಯಲ್ಲಿ ಹಾಕಿ ಕಾಯಿಸಿದೆ. ಸಕ್ಕರೆಯಿದ್ದರೆ ಇಟ್ಟಿಗೆಯ ಹಾಗೆ ಕೆಂಪಾಗುತ್ತದೆ. ಹದಿನಾಲ್ಕೂ ನೀಲಿ! ಸೊನ್ನೆ ಎಂದು ಕಳಿಸಿದೆ, ಸಾಹೇಬರು ಬೆನ್ನು ತಟ್ಟಿದರು. “ನಾ ಹೇಳಿದ್ದಿಲ್ಲೇನು, ಇದು ಪ್ಯಾಟಿ ಸಾವ್ಕಾರ ಮಂದಿ ರೋಗ. ರೊಟ್ಟಿ ತಿನ್ನೋರಿಗೆ ಎಲ್ಲಿಂದ ಬರತೈತಿ?” ಅಪ್ಪನ ಬೆರಳು ಕೊಳೆತಾಗಲೂ ದವಾಖಾನೆಯವರು ಇದೇ ಮಾತು ಹೇಳಿ ತಿರುಗಿ ಕಳಿಸಿದ್ದರಲ್ಲ, ನೆನಪಿದೆಯೇ? ಲಕ್ಷ್ಮೇಶ್ವರದ ಪೇಟೆಯಲ್ಲಿ ಜೋಳದ ಚೀಲ ಹೊರುತ್ತಿದ್ದವನು ಯಾವ ಸೀಮೆಯ ಶ್ರೀಮಂತ?

ಕಳೆದ ವಾರ ಅದೇ ಹಳ್ಳಿಗೆ ಜ್ವರದ ಗುಳಿಗೆ ಕೊಡಲು ಹೋದೆ. ತಿಪ್ಪವ್ವ ಎಂಬ ಮುದುಕಿಯ ಬಚ್ಚಲ ಬಾಯಿಗೆ ಇರುವೆ ಸಾಲುಗಟ್ಟಿದ್ದವು, ಮೂತ್ರದಲ್ಲಿ ಸಕ್ಕರೆಯಿದ್ದರೆ ಹಾಗೆ ಮುತ್ತುತ್ತವೆ. ಬಾಟಲಿ ನಿನ್ನದೇ ಏನಬೇ ಎಂದು ಕೇಳಿದರೆ ಸೆರಗು ಬಾಯಿಗೆ ಹಿಡಿದು ನಕ್ಕಳು. “ಗಂಡು ಹುಡುಗನ ಕೈಯಾಗ ನಮ್ಮದು ಹ್ಯಾಂಗ ಕೊಡೂದೋ ತಮ್ಮಾ? ಹದಿನಾಲ್ಕೂ ನನ್ನ ಸೊಸೀವು. ಪಾಪ, ಎರಡು ಕೊಡ ನೀರು ಕುಡದಾಳ. ನಿನಗ ಬಾಟ್ಲಿ ತುಂಬಬೇಕಾಗಿತ್ತು, ತುಂಬಿಸಿ ಕೊಟ್ಟೇವಿ.”

ನಗಬೇಡ. ನಾನೂ ನಕ್ಕೆ, ಆಮೇಲೆ ನಾನು ಕಳಿಸಿದ ಸೊನ್ನೆ ನೆನಪಾಯಿತು. ಮರುದಿನ ನರ್ಸ್ ರೋಶನಬಿಯನ್ನು ಕರೆದುಕೊಂಡು ಹೋದೆ. ನಾನು ಊರ ಹೊರಗಿನ ಬೇವಿನ ಮರದ ಕೆಳಗೆ ಕೂತೆ, ಅವಳೊಬ್ಬಳೇ ಅಡಿಗೆಮನೆಗಳಿಗೆ ಹೋಗಿ ಚಹಾ ಕುಡಿದು, ಮಾತಾಡಿ, ಬಾಟಲಿ ತಂದಳು. ಮೂರು ಕೆಂಪು ಬಂದವು. ತಿಪ್ಪವ್ವನದು ಎಷ್ಟು ಕೆಂಪೆಂದರೆ ರೋಶನಬಿ ಹಣೆ ಹಣೆ ಬಡಿದುಕೊಂಡಳು. ಈ ಹುಕುಂ ಬರೆದವರು ಬಾಟಲಿಯ ಅಳತೆ ಬರೆದಿದ್ದಾರೆ, ಬೆಂಕಿಯ ಅಳತೆ ಬರೆದಿದ್ದಾರೆ, ಒಬ್ಬ ಹೆಂಗಸನ್ನು ಕಳಿಸಿರಿ ಎಂದು ಮಾತ್ರ ಬರೆದಿಲ್ಲ.

ಸಾಹೇಬರದು ಒಂದೇ ಹಟ. “ಸೊನ್ನಿ ಅಂತ ಹೋಗೇತಿ, ಸೊನ್ನೀನ ಇರಲಿ. ಸೊನ್ನಿ ಕಾಗದಕ್ಕ ಹಚ್ಚು ಸಹಿ.” ನಾನು ರಿಜಿಸ್ಟರಿನಲ್ಲಿ ಸೊನ್ನೆಯ ಮೇಲೆ ಗೀಟು ಎಳೆದು ಮೂರು ಎಂದು ಬರೆದೆ. “ಸರಕಾರದ ಬುಕ್ಕಿನ್ಯಾಗ ನಿನ್ನ ಗೀಟೇನಲೇ?” ಎಂದು ಕೂಗಾಡಿದರು. ಹೌದು, ನನ್ನದೇ ಗೀಟು. ಮೇಲಿನ ಕಚೇರಿಗೂ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿದ್ದೇನೆ, ಮೂವರ ಹೆಬ್ಬೆಟ್ಟಿನ ಸಮೇತ. ತಿಪ್ಪವ್ವ ತಾನಾಗಿ ಕೈ ಚಾಚಿದಳು: “ಒತ್ತಿಸ್ಕೊ. ನಾಚಿಕಿ ಪಟ್ಟು ಪಟ್ಟು ಕಾಲು ಜೋಮು ಹಿಡಿದಾವು, ಇನ್ನೇನು ನಾಚಿಕಿ?” ನನ್ನದು ಹಂಗಾಮಿ ಕೆಲಸ, ತೆಗೆದರೆ ತೆಗೆಯಲಿ. ಬೆಟಗೇರಿಯ ಮಗ್ಗಗಳು ನನ್ನನ್ನು ಬೇಡ ಎನ್ನುವುದಿಲ್ಲ. ಆದರೆ ಆ ಹಳ್ಳಿಗೆ ಗುಳಿಗೆ ಹೋಗುವವರೆಗೆ ನಾನಾಗಿ ಬಿಡುವವನಲ್ಲ.

ಅಣ್ಣನಿಗೆ ನನ್ನ ಶರಣು ಹೇಳು. ನಿನ್ನ ಕಾಲಿಗೆ, ಗಾಯ ತಪ್ಪಿಸಿ, ನಮಸ್ಕಾರ.

ನಿನ್ನ ಮಗ
ಅಂದಪ್ಪ

ತಾ.ಕ.: ಅನ್ನಪೂರ್ಣವ್ವ ವೈನಿ, ಇದನ್ನು ಗಟ್ಟಿಯಾಗಿ ಓದು, ನುಂಗಬೇಡ. ಪಂಚಮಿಯಲ್ಲಿ ಅವ್ವ ಕೊಟ್ಟ ಆ ಬಾಟಲಿ ಯಾರದು? ಬಚ್ಚಲಿನಿಂದ ಮೊದಲು ಹೊರಗೆ ಬಂದವಳು ನೀನು. ಅವ್ವಾ, ನಿನಗೆ ಉಂಡಿ ತಿನ್ನಿಸಿದವನು ನಾನು, ತಪ್ಪು ನನ್ನದೇ, ನಿನ್ನನ್ನು ಬೈಯುವುದಿಲ್ಲ. ಬುಧವಾರ ಮೊದಲ ಬಸ್ಸಿಗೆ ರೋಶನಬಿ ನಿಮ್ಮಲ್ಲಿಗೆ ಬರುತ್ತಾಳೆ. ಅವಳಿಗೆ ನಿನ್ನದನ್ನೇ ಕೊಡು. ಬಣ್ಣ ಯಾವುದು ಬಂತೆಂದು ಗುರುವಾರ ಸಂಜೆ ಐದಕ್ಕೆ ಇಲ್ಲಿಯ ಯಮನೂರಸಾಬನ ಅಂಗಡಿಗೆ ಫೋನು ಹಚ್ಚಿಸಿ ಹೇಳು. ವೈನಿ ಅಲ್ಲ, ನೀನೇ ಹೇಳಬೇಕು. ಐದಕ್ಕೆ.