ಕುರಿ ಕರೆಯುವ ರಿಂಗ್‌ಟೋನು

ನನ್ನನ್ನು ಬೈಯುವ ಪೂರ್ಣಾಧಿಕಾರ ಹೊಂದಿದ್ದ ಸೋದರಮಾವನಿಗೆ,

ಅಲ್ಲಿ ನೆಟ್‌ವರ್ಕ್ ಹೇಗಿದೆಯೋ ತಿಳಿಯದು, ಅದಕ್ಕೇ ಕಾಗದದಲ್ಲಿ ಬರೆಯುತ್ತಿದ್ದೇನೆ. ಕೋಲು ಬದಿಗಿಟ್ಟು, ಕಂಬಳಿ ಹಾಸಿ, ಕೂತು ಓದು. ನಿಂತು ಓದಿದರೆ ಕುಣಿದುಬಿಡುತ್ತೀ. ಸುದ್ದಿ ಅಂಥದ್ದು. ಎರಡು ದಿನದಿಂದ ನನಗೇ ಕೂತಲ್ಲಿ ಕೂರಲಾಗುತ್ತಿಲ್ಲ.

ಆ ಫೋನು ನಿನ್ನ ಕೈಗೆ ಬಂದ ದಿನ ನೆನಪಿದೆಯೇ? ಕೊಟ್ಟೂರಿನಲ್ಲಿ ಮೊಬೈಲ್ ರಿಪೇರಿ ಮಾಡುವ ಖಾಜಾ ಕೊಟ್ಟಾಗ, ಆಗಷ್ಟೇ ಹುಟ್ಟಿದ ಮರಿಯನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡಿದ್ದೆ. ಮೇವು ಎಲ್ಲಿ ಚಿಗುರಿದೆ ಎಂದು ತಿಳಿಯಲು ಎರಡು ದಿನ ನಡೆಯುತ್ತಿದ್ದವನು, ಬೇವಿನ ಮರದಡಿ ಕೂತೇ ಕೂಡ್ಲಿಗಿಯ ಮಳೆ, ಹರಪನಹಳ್ಳಿಯ ಹುಲ್ಲು ಎಲ್ಲ ವಿಚಾರಿಸತೊಡಗಿದೆ. ಕುರಿಯ ಹೊಟ್ಟೆಯಲ್ಲಿ ಮರಿ ಅಡ್ಡ ಸಿಕ್ಕಾಗ ಡಾಕ್ಟರನ್ನು ವಿಡಿಯೊದಲ್ಲೇ ಕರೆದು ಹೆರಿಗೆ ಮಾಡಿಸಿದೆ. ಆಮೇಲೆ ಯಾರೋ ಹಡಗಲಿ ಕಡೆಯ ಹಸಿರು ಹುಲ್ಲಿನ ಫೋಟೊ ಕಳಿಸಿದರು. ಮೂರು ದಿನ ಹಿಂಡು ಹೊಡೆದುಕೊಂಡು ಹೋದರೆ ಅಲ್ಲಿ ಬರೀ ಧೂಳು. ಫೋಟೊ ಯಾವುದೋ ಹಳೆಯ ವರ್ಷದ್ದು. ಕುರಿಗಳೆಲ್ಲ ಒಟ್ಟಿಗೆ ತಿರುಗಿ ನಿನ್ನ ಮುಖ ನೋಡಿದವಂತೆ. ಹೇಳಿ ನೀನೇ ನಕ್ಕಿದ್ದೆ.

ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ನೀನು ಒಂದೇ ಒಂದು ಧ್ವನಿಸಂದೇಶ ಕಳಿಸಿದ್ದೆ, ಅದೂ ಕೈತಪ್ಪಿ. ಮೈಕಿನ ಗುಂಡಿ ಒತ್ತಿದ್ದು ನಿನಗೇ ಗೊತ್ತಿರಲಿಲ್ಲ. "ಟ್ರುರ್‌ರ್‌ರ್… ಹಾವ್, ಹಾವ್" ಎಂದು ಕುರಿ ಕರೆದು, ಉಸಿರು ತಿರುಗಿಸಿಕೊಂಡು, ನೇರ ನನ್ನ ಮೇಲೆ ಬಂದೆ: "ಈ ಬಸ್ಯಾ ಎಲ್ಲಿ ಹೋಗ್ಯಾನ? ಪೇಪರ್ನ್ಯಾಗ ಊರಿಗೆಲ್ಲ ಬುದ್ಧಿ ಹೇಳಾಕ ಪುರಸೊತ್ತು ಐತಿ ಮಗಂಗ, ಮಾವನ ಫೋನ್ ಎತ್ತಾಕ ಇಲ್ಲ." ಬಂಧುಬಳಗವೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವತ್ತು ಎತ್ತಬೇಕಿತ್ತು ಮಾವಾ. ಆಮೇಲೆ ಮಾಡಿದರಾಯಿತು ಅಂತ…

ನೀನು ಹೋದ ಮೇಲೆ ಅರಸೀಕೆರೆಯ ದುರುಗಪ್ಪ ಮಾತಾಡಿಸಲು ಬಂದಿದ್ದ. ಎಷ್ಟೋ ವರ್ಷ ನಿನ್ನ ಹಿಂಡಿನ ಪಕ್ಕ ತನ್ನ ಹಿಂಡು ತರುಬಿ ನಿಲ್ಲಿಸಿದವನು, ಅತ್ತೆಗೆ ಒಳ್ಳೆಯದಕ್ಕೇ ಹೇಳಿದ: "ಕರಿಯೋ ದನಿನ ಮಣ್ಣಿಗಿ ಹೋತು, ತಂಗಿ. ಕುರಿ ಇನ್ನ ಯಾರ ಮಾತು ಕೇಳ್ತಾವ? ಮಾರಿಬಿಡು." ಅತ್ತೆ ಎದ್ದಳು. ಮೂಲೆಯಲ್ಲಿದ್ದ ನಿನ್ನ ಕೋಲು ತೆಗೆದುಕೊಂಡು ಹೊರಗೆ ನಡೆದಳು. ನಾನೂ ನನ್ನ ಯೋಗ್ಯತೆಗೆ ತಕ್ಕ ಭಕ್ತಿ ತೋರಿಸಬೇಕಲ್ಲ? ನಿನ್ನ ಕರೆಯನ್ನೇ ರಿಂಗ್‌ಟೋನ್ ಮಾಡಿಸಿಕೊಂಡೆ. ಖಾಜಾ ದನಿ ಏರಿಸಿ ಏರಿಸಿ, "ಹೊಲ ದಾಟಿ ಕೇಳಸ್ತೈತಿ ನೋಡ್ರಿ" ಅಂದ. ಇಬ್ಬರೂ ಹೆಮ್ಮೆಪಟ್ಟೆವು. ಕುರಿಗಳನ್ನು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಹೋದ ತಿಂಗಳು ಅತ್ತೆ ತೆಲಿಗಿಯ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಹಿಂಡು ತರುಬಿದ್ದಳು. ನಡುವೆ ದುರುಗಪ್ಪನ ಹಿಂಡು. ಅದರ ಆಚೆ, ಬೈಕ್ ನಿಲ್ಲಿಸಿ ಬುತ್ತಿ ಇಳಿಸಿಕೊಳ್ಳುತ್ತಿದ್ದ ನಾನು. ಎಲ್ಲಿದ್ದೀನೆಂದು ಕೇಳಲು ಅತ್ತೆಯೇ ಫೋನ್ ಮಾಡಿದಳು. ನನ್ನ ಜೇಬಿನಿಂದ ನೀನು ಕರೆದೆ. ನಿನ್ನ ಮುಂದಾಳು ಕುರಿ ಚುಕ್ಕಿ ಕತ್ತೆತ್ತಿದ್ದಷ್ಟೇ ಗೊತ್ತು. ಇಡೀ ಹಿಂಡು ದುರುಗಪ್ಪನ ಕುರಿಗಳ ನಡುವೆ ನುಗ್ಗಿ ನನ್ನ ಕಡೆ ಓಡಿ ಬಂತು. ಗಾಬರಿಯಲ್ಲಿ ನಾನು ಫೋನ್ ಬಂದ್ ಮಾಡಿದೆ. ಕರೆ ನಿಂತಿತು, ಕುರಿಗಳೂ ನಡುದಾರಿಯಲ್ಲೇ ನಿಂತವು. ಎರಡು ಹಿಂಡೂ ಕಲಸಿದ ಮಂಡಕ್ಕಿಯಾದವು.

ಎರಡೂ ಹಿಂಡಿಗೆ ಕಿವಿಯ ಕೊಯ್ತ ಒಂದೇ ಥರ, ಗುರುತಿನಿಂದ ಬೇರೆ ಮಾಡುವ ಹಾಗಿರಲಿಲ್ಲ. ದುರುಗಪ್ಪ ಹಳೆಯ ಕಟ್ಟಳೆ ತೆಗೆದ: ಇಬ್ಬರೂ ಎರಡು ಕಡೆ ನಿಂತು ಕರೆಯುವುದು, ಯಾರ ದನಿಗೆ ಹೋದವೋ ಅವು ಅವರವು. ಅವನು ಕರೆದ, ಅವನವು ಹೋದವು. ಅತ್ತೆ ಕರೆದಳು. ಚುಕ್ಕಿ ಒಮ್ಮೆ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಇನ್ನೊಮ್ಮೆ ಕರೆದಳು, ದನಿ ಒಡೆಯಿತು. ದುರುಗಪ್ಪ ಮುಖ ಬೇರೆ ಕಡೆ ತಿರುಗಿಸಿದ. ಮತ್ತೇನು ಮಾಡಲಿ? ಅತ್ತೆಯ ಪಕ್ಕ ನಿಂತು ನಿನ್ನ ಆ ಧ್ವನಿಸಂದೇಶವನ್ನು ಮೊದಲಿಂದ ಹಚ್ಚಿದೆ. ಒಂದೂ ಬಿಡದೆ ಬಂದವು ಮಾವಾ! ಕರೆ ಮುಗಿದು ನನ್ನ ಪೂಜೆ ಶುರುವಾದರೂ ಬರುತ್ತಲೇ ಇದ್ದವು. ಕುರಿಗೆ ಕರೆಯೂ ಒಂದೇ, ಬೈಗುಳವೂ ಒಂದೇ. ಅಕ್ಕಪಕ್ಕದ ಹೊಲದವರಿಗೆ ಮಾತ್ರ ನನ್ನ ಚರಿತ್ರೆಯೆಲ್ಲ ಸ್ಪಷ್ಟವಾಗಿ ತಿಳಿಯಿತು.

ಚುಕ್ಕಿ ನನ್ನ ಹತ್ತಿರ ಬಂದು ಫೋನು ಮೂಸಿತು. ಆಮೇಲೆ ನನ್ನ ಬೆನ್ನ ಹಿಂದೆ ಹೋಗಿ ನೋಡಿತು. ಆಚೆ ನಿಲ್ಲಿಸಿದ್ದ ಬೈಕಿನವರೆಗೂ ಹೋಗಿ ಅದರ ಹಿಂದೆಯೂ ನೋಡಿತು. ದುರುಗಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದ. ಅತ್ತೆ ಮೆಲ್ಲಗೆ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು.

"ಇದನ್ನ ಇನ್ನೊಮ್ಮಿ ಅವಕ್ಕ ಕೇಳಸಬ್ಯಾಡಪಾ. ದಿನಾ ಓಡಿ ಬಂದು ಅವರನ್ನ ಹುಡುಕಿದ್ರ ನಾ ಏನಂತ ಹೇಳ್ಲಿ?"

ಅಂದೇ ರಿಂಗ್‌ಟೋನ್ ತೆಗೆಸಿದೆ. ಅತ್ತೆ ದಿನವೂ ತನ್ನ ದನಿಯಲ್ಲೇ ಕರೆಯುತ್ತಿದ್ದಳಂತೆ, ಅವು ದಿನವೂ ಕಿವುಡು ನಟಿಸುತ್ತಿದ್ದವಂತೆ. ಒಂದೊಂದನ್ನೂ ಕೊರಳು ಹಿಡಿದು ತಿರುಗಿಸಬೇಕಾಗಿತ್ತಂತೆ. ಮಾರುವ ಮಾತು ಮಾತ್ರ ಅವಳ ಬಾಯಿಂದ ಬರಲಿಲ್ಲ.

ಈಗ ಸುದ್ದಿ. ಮೊನ್ನೆ ಮನೆತನದ ಗುಂಪಿಗೆ ಅತ್ತೆಯಿಂದ ಒಂದು ಧ್ವನಿಸಂದೇಶ ಬಂತು. ಅದೂ ಕೈತಪ್ಪಿ! ಗಾಳಿಯ ಸದ್ದು, ಕೆಮ್ಮು. ಆಮೇಲೆ "ಟ್ರುರ್‌ರ್‌ರ್… ಹಾವ್." ನಿನ್ನದಲ್ಲ, ಅವಳದು. ಏನೂ ಇಲ್ಲ. ಮತ್ತೆ ಕರೆದಳು. ದೂರದಲ್ಲಿ ಚುಕ್ಕಿಯ ಕೊರಳ ಗಂಟೆ ಒಮ್ಮೆ ಠಣ್ ಅಂದಿತು, ನಿಂತಿತು. ನಾನು ಫೋನನ್ನು ಕಿವಿಗೊತ್ತಿಕೊಂಡು ಉಸಿರು ಹಿಡಿದೆ. ಗಂಟೆ ಮತ್ತೆ ಠಣ್ ಅಂದಿತು. ಹತ್ತಿರ, ಇನ್ನೂ ಹತ್ತಿರ, ಅದರ ಹಿಂದೆ ನೂರಾರು ಗೊರಸಿನ ಸದ್ದು. ಅತ್ತೆ ಅಂದದ್ದು ಇಷ್ಟೇ: "ಬಂದೇನವ್ವಾ? ಬಾ."

ಇನ್ನು ಅವಳು ಫೋನ್ ಮಾಡಿದರೆ ಮೊದಲ ಗಂಟೆಗೇ ಎತ್ತುತ್ತೇನೆ. ಆಣೆ ಮಾಡುವುದು ಬೇಡ, ನನ್ನನ್ನು ನೀನು ಬಲ್ಲೆ. ಆದರೂ ಎತ್ತುತ್ತೇನೆ, ಮಾವಾ.

ಇಂತಿ,
ತಡವಾಗಿ ಎತ್ತಿದ ನಿನ್ನ ಅಳಿಯ,
ಬಸ್ಯಾ