ಫಾರಂನಲ್ಲಿ ಕಾಲಂ ಇರಲಿಲ್ಲ

ಶನಿವಾರ, ೯ ಮಾರ್ಚ್

ಪ್ರೀತಿಯ ಜಗಳಗಂಟಿಗೆ,

ಹೇಗಿದ್ದೀಯಾ? ನೀನು ಅಜ್ಜಿಯಾದ ಸುದ್ದಿ ತಲುಪಿ ಎರಡು ತಿಂಗಳಾಯಿತು, ಈಗ ಉತ್ತರ ಬರೆಯುತ್ತಿದ್ದೇನೆ. ಬೇಕಾದಷ್ಟು ಬೈದುಕೋ. ಮೊಮ್ಮಗಳಿಗೆ ನಿನ್ನದೇ ಮೂಗಂತೆ, ಪಾಪ!

ನಾನಿನ್ನೂ ಸಮಾಜಕಾರ್ಯ ಕಲಿಯುವ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಈ ವರ್ಷ ಹೊಸ ವಿಷಯ ಕೊಟ್ಟಿದ್ದಾರೆ. ಒಬ್ಬರ ಕಷ್ಟದ ಹಿಂದೆ ಸಮಾಜದ ಯಾವ ಅನ್ಯಾಯವಿದೆ ಎಂದು ಪ್ರಶ್ನಿಸಲು ಕಲಿಸಬೇಕು. ಮಂಗಳವಾರ ಹಳೆಯ ವರದಿಯೊಂದನ್ನು ಹೆಸರುಗಳಿಗೆ ಮಸಿ ಬಳಿದು ಹಂಚಿದೆ. ನಾಲ್ಕು ವರ್ಷದ ಮಗಳನ್ನು ಮನೆಯೊಳಗಿಟ್ಟು ಬೀಗ ಹಾಕಿ ಹೋಗುತ್ತಿದ್ದ ತಾಯಿ, ಮಕ್ಕಳ ಕಲ್ಯಾಣ ಇಲಾಖೆಯಲ್ಲಿದ್ದಾಗ ನಾವಿಬ್ಬರೂ ಹೋಗಿ ನೋಡಿದ್ದೆವಲ್ಲ, ಅವಳ ಕುರಿತ ವರದಿಯೇ. ಬರೆದದ್ದು ನಾನೆಂದು ಮಕ್ಕಳಿಗೆ ಗೊತ್ತಿರಲಿಲ್ಲ. ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದೆ ಎಂದು ಒಳಗೊಳಗೇ ಹೆಮ್ಮೆ ಬೇರೆ.

ದಪ್ಪ ಕನ್ನಡಕದ ಹುಡುಗಿಯೊಬ್ಬಳು ಎದ್ದಳು. "ಮೇಡಂ, ಇದರಲ್ಲಿ ಬೀಗ ಅನ್ನೋ ಮಾತು ಒಂಬತ್ತು ಸಲ ಬಂದಿದೆ. ಆ ಅಮ್ಮ ಎಲ್ಲಿಗೆ ಹೋಗ್ತಿದ್ರು ಅಂತ ಒಂದ್ಸಲಾನೂ ಇಲ್ಲ."

ನೀನು ಅವತ್ತೇ ಬಸ್ಸಿನಲ್ಲಿ ಹೇಳಿದ್ದೆ: "ಬಟ್ಟೆ ಕಾರ್ಖಾನೆಗೆ ಹೋಗ್ತಾಳೆ ಕಣೇ. ಮಗು ಕರ್ಕೊಂಡು ಹೋದ್ರೆ ಗೇಟಿಂದಾನೇ ಓಡಿಸ್ತಾರೆ. ಅದನ್ನೂ ಬರಿ."

"ಅದಕ್ಕೆ ಫಾರಂನಲ್ಲಿ ಕಾಲಂ ಇಲ್ಲ" ಎಂದಿದ್ದೆ ನಾನು. 'ಬೇಜವಾಬ್ದಾರಿ ತಾಯಿ' ಎಂದು ಬರೆದೆ. ಮಗುವನ್ನು ಮಕ್ಕಳ ಗೃಹಕ್ಕೆ ಒಯ್ಯುವಾಗ ಅವಳು ಅಳಲೂ ಇಲ್ಲ. "ಬೀಗ ಹಾಕ್ದೆ ಹೋಗಿದ್ರೆ ಒಳ್ಳೇ ತಾಯಿ ಅಂತಿದ್ರಾ ಅಕ್ಕಾ?" ಎಂದು ನನ್ನನ್ನೇ ಕೇಳಿದಳು. ಆ ವಾರವೇ ನೀನು ಕೆಲಸ ಬಿಟ್ಟೆ. ನನಗೆ ಬಡ್ತಿ ಸಿಕ್ಕಿತು. ಆ ಮಗು ಮನೆಗೆ ಮರಳಿತೋ ಇಲ್ಲವೋ, ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ವಿಚಾರಿಸಲಿಲ್ಲ ಕಣೇ.

ಅವಳು ಬಟ್ಟೆ ಕಾರ್ಖಾನೆಗೆ ಹೋಗುತ್ತಿದ್ದಳು ಎಂದಷ್ಟೇ ತರಗತಿಗೆ ಹೇಳಿದೆ. ನಾನು ಕಲಿಸಬೇಕಾದ್ದನ್ನೆಲ್ಲ ಮಕ್ಕಳೇ ಹೇಳಿದರು. ಹೊಟ್ಟೆಗೂ ಸಾಲದ ಸಂಬಳ, ಹನ್ನೆರಡು ಗಂಟೆಯ ಪಾಳಿ, ಕೂಸುಗಳನ್ನು ಬಿಡಲು ಒಂದು ಕೋಣೆಯೂ ಇಲ್ಲದ ಕಾರ್ಖಾನೆ. ನಾನು ಒರೆಸಿದ ಬೋರ್ಡನ್ನೇ ಮತ್ತೆ ಮತ್ತೆ ಒರೆಸುತ್ತಾ ನಿಂತಿದ್ದೆ.

ಇರಲಿ. ಬಾಣಂತಿಗೆ ನನ್ನ ಪ್ರೀತಿ ತಿಳಿಸು. ಕೂಸು ನೂರು ವರ್ಷ ಬಾಳಲಿ, ನಿನ್ನ ಹಾಗೆ ಎದುರು ಮಾತಾಡುವುದನ್ನು ಕಲಿಯಲಿ.

ನಿನ್ನ
ಉದ್ದಜಡೆ (ಈಗ ಬೆರಳುದ್ದ)

ತಾ.ಕ.: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಕೊನೆಗೆ ಆ ಹುಡುಗಿ, "ಇದನ್ನ ಬರೆದೋರು ಯಾರು ಮೇಡಂ?" ಎಂದಳು. "ನನ್ನ ಜೊತೆಗಿದ್ದವಳು. ಆಮೇಲೆ ಕೆಲಸ ಬಿಟ್ಟು ಹೋದ್ಲು" ಎಂದುಬಿಟ್ಟೆ. ಇಡೀ ತರಗತಿ ನಿನ್ನನ್ನು ಛೀ ಎಂದಿತು. ನಾನೂ ತಲೆಯಾಡಿಸಿದೆ. ನಿನ್ನೆಯ ತರಗತಿಯಲ್ಲಿ ನಿಜ ಹೇಳಿ, ಆಮೇಲೆ ಈ ಪತ್ರ ಹಾಕಬೇಕೆಂದಿದ್ದೆ. ಹೇಳದೆಯೇ ಹಾಕುತ್ತಿದ್ದೇನೆ.