ಬಿಡುಗಡೆಯ ಸಾಲು

ಮಧುಗಿರಿ
17-11-1960

ಯಜಮಾನರಿಗೆ ನಾಗರತ್ನಳ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ ಎಂದು ಬರೆಯುವ ಸಾಲನ್ನು ಈ ಸಲ ಬಿಟ್ಟಿದ್ದೇನೆ. ನಿಮ್ಮನ್ನು ಸಸ್ಪೆಂಡ್ ಮಾಡಿ ಎರಡು ತಿಂಗಳಾಯಿತು. ನನಗೆ ಒಂದು ಮಾತೂ ಹೇಳದೆ ಪಾವಗಡಕ್ಕೆ, ಪೆದ್ದಣ್ಣ ಭಾವನವರ ಮನೆಗೆ ಹೋಗಿ ಕುಳಿತಿರಿ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರವಾಗುತ್ತಿದ್ದೆ. ನಿಮಗೆ ಬೈಯಲೂ ಬರುವುದಿಲ್ಲ.

ನಿನ್ನೆ ಐ.ಡಿ.ಹಳ್ಳಿಯಿಂದ ಒಬ್ಬಳು ಹುಡುಗಿ ಬಂದಿದ್ದಳು, ಸೆರಗಿನಲ್ಲಿ ಹಸಿ ಕಡಲೇಕಾಯಿ ಕಟ್ಟಿಕೊಂಡು. ನನಗೆ ಗುರುತು ಸಿಗಲಿಲ್ಲ. ಚಿಕ್ಕಹನುಮಕ್ಕ ಎಂದು ಹೆಸರು ಹೇಳಿದಳು. ಆ ಹೆಸರನ್ನು ನನ್ನ ಕೈಯಾರೆ ಬರೆದಿದ್ದೆ.

ಹೋದ ವರ್ಷದ ಮಾತು. ಕೋರ್ಟಿನಿಂದ ಬರುವ ಮಕ್ಕಳನ್ನು ಇಡುವ, ನೀವು ಗುಮಾಸ್ತರಾಗಿರುವ ಹೋಮಿನಲ್ಲಿ ಹಳೆಯ ದಾಖಲೆ ಪುಸ್ತಕಕ್ಕೆ ಗೆದ್ದಲು ಹಿಡಿಯಿತು. ಇನ್‌ಸ್ಪೆಕ್ಷನ್ನಿಗೆ ಮೊದಲು ಹೊಸದು ಬರೆಯಬೇಕಿತ್ತು. ನಿಮ್ಮ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ನನ್ನದು ದುಂಡಗೆ. ಭಾನುವಾರ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ತಂದಿರಿ. ಓದದೆ ಬರೆ ಎಂದಿರಿ. ಅದು ಹೇಗೆ ಆಗುತ್ತದೆ ಎಂದು ನಾನು ನಕ್ಕೆ. ಹಾಗಾದರೆ ಓದಿದ್ದನ್ನು ಪುಸ್ತಕದಲ್ಲೇ ಬಿಟ್ಟು ಏಳು ಎಂದಿರಿ. ನಾನು ಬಿಟ್ಟು ಏಳಲಿಲ್ಲ.

ಈ ಶ್ರಾವಣದಲ್ಲಿ ನನ್ನ ತಂಗಿ ಬಂದು ಅತ್ತಳು. ಗ್ರಾಮಸೇವಿಕೆಯರ ಕೆಲಸಕ್ಕೆ ಆಯ್ಕೆಯಾದವರ ಪಟ್ಟಿಯಲ್ಲಿ ಕೊನೆಯ ಹೆಸರು ಚಿಕ್ಕಹನುಮಕ್ಕನದು, ಅವಳ ಹಿಂದೆಯೇ ನಿಂತವಳು ತಂಗಿಯ ಮಗಳು. ಒಂದೇ ಒಂದು ಸ್ಥಾನಕ್ಕೆ ತಪ್ಪಿಹೋಯಿತಲ್ಲ ಎಂದು ಅವಳು ಗೋಳಾಡುವಾಗ, ಆ ಹುಡುಗಿ ಹನ್ನೊಂದು ವರ್ಷಕ್ಕೇ ಬಳೆ ಕದ್ದು ಹೋಮಿಗೆ ಬಂದವಳು ಎಂದು ನನ್ನ ಬಾಯಿತಪ್ಪಿ ಬಂತು. ಆಮೇಲೆ ಕಚೇರಿಗೆ ಹೆಸರಿಲ್ಲದ ಅರ್ಜಿ ಹೋಯಿತು. ಅವಳ ನೇಮಕ ನಿಂತಿತು.

ಮುಂದಿನದನ್ನು ನಿಮ್ಮ ಕಚೇರಿಯ ಅಟೆಂಡರ್ ಸಂಜೀವಯ್ಯ ಹೇಳಿದ. ಸಾಹೇಬರು ಆ ಅರ್ಜಿಯನ್ನು ನಿಮ್ಮ ಮುಂದಿಟ್ಟು ಈ ಅಕ್ಷರ ಯಾರದು ಎಂದು ಕೇಳಿದರಂತೆ. ನೀವು ತುಂಬ ಹೊತ್ತು ನೋಡಿ, ಗೊತ್ತಿಲ್ಲ ಎಂದಿರಂತೆ. ಹುಡುಗಿ ಕದ್ದದ್ದು ನಿಜವೇ ಎಂದರೆ, ಮಕ್ಕಳ ಪುಸ್ತಕದಲ್ಲಿ ಏನಿದೆ ಎಂದು ಹೊರಗಿನ ನೇಮಕಗಳಿಗಾಗಿ ಹೇಳುವ ಹಾಗಿಲ್ಲ, ಸುದ್ದಿ ಹೊರಬಿದ್ದಿದ್ದರೆ ತಪ್ಪು ನನ್ನದು, ಎಂದಿರಂತೆ.

ಪುಸ್ತಕದಲ್ಲಿ ಇನ್ನೊಂದು ಸಾಲಿತ್ತು. ಬಳೆ ಆ ಮನೆಯ ಅಕ್ಕಿ ಡಬ್ಬದಲ್ಲೇ ಸಿಕ್ಕಿತು, ಹುಡುಗಿ ನಿರಪರಾಧಿ, ಬಿಡುಗಡೆ. ಅದನ್ನೂ ನಾನೇ ಬರೆದದ್ದು. ತಂಗಿಯ ಮುಂದೆ ಅದನ್ನು ಹೇಳಲಿಲ್ಲ. ಆ ಹುಡುಗಿಯನ್ನು ಉಳಿಸುವ ಆ ಸಾಲನ್ನೂ ನೀವು ಬಾಯಿ ಬಿಟ್ಟು ಹೇಳಲಿಲ್ಲ, ಅವಳಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು. ನಿಮ್ಮ ಮೇಲೆ ನನಗೆ ಕೋಪವೂ ಬಂತು, ಅಳುವೂ ಬಂತು.

ಹುಡುಗಿ ಬಂದದ್ದು ನನ್ನನ್ನು ಕೇಳಲಿಕ್ಕಲ್ಲ, ಸಮಾಧಾನ ಹೇಳಲಿಕ್ಕೆ. ಕಡಲೇಕಾಯನ್ನು ಮೊರಕ್ಕೆ ಸುರಿದು ಹೇಳಿದಳು:

"ಗುಮಾಸ್ತರು ಹೇಳವ್ರೆ ಅಂದ್ರೆ ನಾನು ನಂಬಾಕಿಲ್ಲ ಕಣಮ್ಮ. ಅಕ್ಸರ ಕಲ್ಸಿದೋರೇ ಅವ್ರು. ನಾನು ಹೋಮ್ ಬುಟ್ಟು ಹೊಂಟ ದಿನ, ನಿನ್ ಇಚಾರ ಈ ಪುಸ್ತಕ ಬುಟ್ಟು ಆಚೆ ಬರಾಕಿಲ್ಲ, ಹೋಗು ಅಂದಿದ್ರು. ನಾನು ಕದ್ದಿಲ್ಲ ಅಂತ ಈಗ ನಾನೇ ಹೇಳುದ್ರೆ ಯಾರ್ ನಂಬ್ತಾರೆ? ನನ್ ಕೆಲ್ಸ ಹೋದ್ರೆ ಹೋಗ್ಲಿ, ಅವ್ರಿಗೆ ಹಿಂಗಾಗ್ಬಾರ್ದಿತ್ತು."

ನಾನು ಅವಳಿಗೆ ಕಾಫಿ ಕೊಟ್ಟೆ. ಬೇರೆ ಏನೂ ಕೊಡಲಾಗಲಿಲ್ಲ. ಕಡಲೇಕಾಯಿ ಇನ್ನೂ ಮೊರದಲ್ಲೇ ಇದೆ.

ನಾಳೆ ಸಾಹೇಬರ ಹತ್ತಿರ ಹೋಗುತ್ತೇನೆ. ಪುಸ್ತಕ ಮನೆಗೆ ಬಂದದ್ದು, ನಾನು ಓದಿದ್ದು, ಅರ್ಧ ಹೇಳಿ ಅರ್ಧ ಮುಚ್ಚಿಟ್ಟದ್ದು, ಎಲ್ಲ ಹೇಳುತ್ತೇನೆ. ಪುಸ್ತಕ ಮನೆಗೆ ತಂದದ್ದಕ್ಕೆ ನಿಮಗೆ ಶಿಕ್ಷೆಯಾಗಬಹುದು. ಅದಕ್ಕೆ ನನ್ನನ್ನು ಕ್ಷಮಿಸಿ. ತಂಗಿ ಇನ್ನು ನಮ್ಮ ಹೊಸ್ತಿಲು ತುಳಿಯುವುದಿಲ್ಲ, ತುಳಿಯದಿರಲಿ. ಆ ಹುಡುಗಿ ಕದ್ದಿಲ್ಲ ಎಂದು ಹೇಳಬೇಕಾದವಳು ನಾನು.

ಭಾವನವರಿಗೂ ಅಕ್ಕನಿಗೂ ನಮಸ್ಕಾರ ತಿಳಿಸಿ. ಚಳಿ ಬಿದ್ದಿದೆ, ನಿಮ್ಮ ಉಣ್ಣೆ ಶಾಲು ಇಲ್ಲೇ ಉಳಿದಿದೆ.

ಇಂತು ನಿಮ್ಮ
ನಾಗರತ್ನ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಬಾಯಿತಪ್ಪಿ ಬಂತು ಎಂದದ್ದು ಸುಳ್ಳು. ತಂಗಿ ಅತ್ತು ಹೋದ ಮೇಲೆ ಆ ಅರ್ಜಿಯನ್ನು ಬರೆದವಳು ನಾನೇ. ನೀವು ತುಂಬ ಹೊತ್ತು ನೋಡಿ ಗೊತ್ತಿಲ್ಲ ಎಂದ ಅಕ್ಷರ ಇದೇ. ಈ ಕಾಗದವನ್ನು ಹರಿಯಬೇಡಿ, ಸಾಹೇಬರಿಗೆ ತಲುಪಿಸಿ. ನಾಳೆ ಕಚೇರಿಯ ಮೆಟ್ಟಿಲವರೆಗೆ ಹೋಗಿ ನಾನು ವಾಪಸು ಬಂದುಬಿಟ್ಟರೂ ಅವರು ಇದನ್ನೂ ಆ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟು ನೋಡಲಿ.